ಹಾಡು ಹೇಳಿದವರ ಹೆಸರು

ಕಪಾಟು ಒರಸುವಾಗ ಹಳೆಯ ಸಿಡಿಯೊಂದು ಕೈಗೆ ಸಿಕ್ಕಿತು. ಕವರಿನೊಳಗೆ ಮಡಚಿಟ್ಟ ಗೆರೆ ಹಾಳೆ, ನೀಲಿ ಶಾಯಿ, ಎಡಕ್ಕೆ ವಾಲಿದ ಅಕ್ಷರ... ಮಣಿಪಾಲದ ಕಂಪ್ಯೂಟರ್ ರಿಪೇರಿ ಅಂಗಡಿಯವರದ್ದು.

ಎರಡು ಸಾವಿರದ ಆರೋ ಏಳೋ ಇಸವಿ. ನಾನು ಕಾರ್ಕಳದಲ್ಲಿ ಟೀಚರ್. ಅಜೆಕಾರಿನ ಗದ್ದೆಗಳಲ್ಲಿ ನೇಜಿ, ಅಂದರೆ ಭತ್ತದ ಸಸಿ ನೆಡುವ ಹೆಂಗಸರ ಹಾಡುಗಳನ್ನು ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ತುಂಬಿಸುವ ಹುಚ್ಚು ನನಗೆ. ಫೈಲುಗಳಿಗೆ ಬರೀ ನಂಬರು. ಹಾಡಿದವರ ಹೆಸರನ್ನು ಆಯಾ ಫೈಲಿಗೆ ಅಂಟಿಕೊಂಡ ಟಿಪ್ಪಣಿಯಲ್ಲಿ ಹಾಕುತ್ತಿದ್ದೆ. ಬೇರೆಲ್ಲೂ ಬರೆದಿಟ್ಟಿರಲಿಲ್ಲ, ಅಷ್ಟು ಜಾಣೆ. ಹಾಡಿದವರಲ್ಲಿ ಕೆಲವರು ಆಗಲೇ ತೀರಿಕೊಂಡಿದ್ದರು.

ಒಂದು ದಿನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿತು, ಕಂಪ್ಯೂಟರ್ ಏಳಲಿಲ್ಲ. ಬಸ್ಸಿನಲ್ಲಿ ಹೊತ್ತುಕೊಂಡು ಮಣಿಪಾಲದ ಅವರ ಅಂಗಡಿಗೆ ಹೋದೆ. ಅವರು ಡಿಸ್ಕಿನ ಬದಲು ತಮ್ಮದೊಂದು ಸಿಡಿಯಿಂದಲೇ ಕಂಪ್ಯೂಟರನ್ನು ಎಬ್ಬಿಸಿದರು. ಅಡಿಯಲ್ಲಿ ಸಿಡಿ, ಅದರ ಮೇಲೆ ಬರೆಯಲಾಗದು. ಮೇಲೆ ಮೆಮೊರಿಯ ತೆಳು ಪದರ, ಕರೆಂಟ್ ಹೋದರೆ ಅದರಲ್ಲಿದ್ದದ್ದೂ ಹೋಗುತ್ತದೆ ಎಂದು ವಿವರಿಸಿದರು. ಹಾಡುಗಳು ಮೊದಲು ಆ ಪದರಕ್ಕೆ, ಅಲ್ಲಿಂದ ಹೊಸ ಸಿಡಿಗೆ.

ಅವರು ಚಹಾ ತರಲು ಹೋದಾಗ ನಾನೇ ಕಾಪಿ ಶುರು ಮಾಡಿದೆ. ಟಿಪ್ಪಣಿ ಬರುವುದಿಲ್ಲ, ಮುಂದುವರಿಯಲೇ ಎಂದು ಕಂಪ್ಯೂಟರ್ ಪ್ರತಿ ಫೈಲಿಗೂ ಕೇಳುತ್ತಿತ್ತು. ಹೂಂ, ಹೂಂ ಎಂದು ಒತ್ತುತ್ತಾ ಹೋದೆ. ಕಾಪಿಯಾದದ್ದನ್ನು ಒತ್ತಿದರೆ ಹಾಡು ಕೇಳಿಸುತ್ತಿತ್ತಲ್ಲ, ಅದೇ ಖುಷಿ. ಅವರು ಬಂದವರೇ ಮೌಸ್ ತೆಗೆದುಕೊಂಡರು.

“ಟೀಚರೇ, ಪದ್ಯ ಮಾತ್ರ ಬಂದರೆ ಎಂತ ಪ್ರಯೋಜನ? ಹೇಳಿದವರ ಹೆಸರು ಬೇಡವಾ?”

ಟಿಪ್ಪಣಿ ಹಿಡಿದುಕೊಳ್ಳುವ ಜಾಗ ಆ ಪದರದಲ್ಲೂ ಇಲ್ಲ, ಸಿಡಿಯಲ್ಲೂ ಇಲ್ಲವಂತೆ. ಹಿಂದೆ ಶಂಕರಪುರದಲ್ಲಿ ಅವರ ತಾಯಿ ನಾಲ್ಕಾರು ಮನೆಯ ಮಲ್ಲಿಗೆ ಕಟ್ಟುಗಳನ್ನು ಒಂದೇ ಬುಟ್ಟಿಯಲ್ಲಿ ಸೇರಿಸಿ ಪೇಟೆಗೆ ಕಳಿಸುತ್ತಿದ್ದರಂತೆ. ಬುಟ್ಟಿ ಬದಲಾಗುವಾಗ ಕಟ್ಟಿಗೆ ಸಿಕ್ಕಿಸಿದ ಮನೆಯ ಚೀಟಿ ಉದುರುತ್ತದೆಂದು ಮೊದಲೇ ಹೆಸರುಗಳ ಪಟ್ಟಿ ಮಾಡಿ ಜೊತೆಗಿಡುತ್ತಿದ್ದರಂತೆ. ಇವರೂ ಹಾಗೆಯೇ ಮಾಡಿದರು, ಅದೂ ಕಾಗದದ ಮೇಲೆ. ಕರೆಂಟಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಡಿಸ್ಕಿನ ಟಿಕ್ ಟಿಕ್ ಜೋರಾಗುತ್ತಿತ್ತು. ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಅವರು ಆತುರವಿಲ್ಲದೆ ಒಂದೊಂದೇ ಟಿಪ್ಪಣಿ ತೆರೆದು ನಂಬರಿನ ಎದುರು ಹೆಸರು ಬರೆದರು. ಆಮೇಲೆ ಉಳಿದ ಹಾಡುಗಳು ಬಂದವು. ಆ ಡಿಸ್ಕ್ ಮತ್ತೆ ಏಳಲೇ ಇಲ್ಲ. ತಣ್ಣಗಾಗಿದ್ದ ಚಹಾವನ್ನು ಇಬ್ಬರೂ ನಗುತ್ತಾ ಕುಡಿದೆವು...

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ತಡವಾಗಿ ತಿಳಿಯಿತು, ಹೋಗಲಾಗಲಿಲ್ಲ. ಆ ಬೇಸರ ಉಂಟು. ಇವತ್ತು ಹಾಳೆ ಬಿಡಿಸಿ ಓದಿದೆ. ನಲವತ್ತೊಂದು ಹಾಡು, ಎಲ್ಲದರ ಎದುರೂ ಹೆಸರಿದೆ. ಬರೆದವರದ್ದು ಮಾತ್ರ ಎಲ್ಲೂ ಇಲ್ಲ.

ಪೆನ್ನು ತಂದು, ಪಟ್ಟಿಯ ಕೊನೆಯಲ್ಲಿ ಅವರ ಹೆಸರು ಬರೆದೆ.