ಹಿಂದಿನಿಂದ ಕರೆದವಳು

ಹೊರಟವರನ್ನು ಹಿಂದಿನಿಂದ ಕರೆಯಬಾರದು ಎನ್ನುವುದು ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಅದನ್ನು ಕಲಿಸಿದವಳೂ ಅಮ್ಮನೇ, ಮುರಿಯುತ್ತಿದ್ದವಳೂ ಅಮ್ಮನೇ. ನಾನು ಟೀಚರಾಗಿದ್ದ ಗಂಡಸಿಯ ಸ್ಕೂಲಿಗೆ ಬಸ್ಸು ಹಿಡಿಯಲು ಅರಸೀಕೆರೆಯ ಮನೆಯ ಗೇಟು ದಾಟಿದ್ದೇ ತಡ, ಅವಳಿಗೆ ಏನೋ ನೆನಪಾಗುತ್ತಿತ್ತು. ಕೂಗಿಬಿಟ್ಟು ಆಮೇಲೆ ಹಣೆ ಚಚ್ಚಿಕೊಳ್ಳುತ್ತಿದ್ದಳು. “ಅಯ್ಯೋ, ಕರ್ದ್‌ಬಿಟ್ನಲ್ಲೇ. ಬಾ, ಒಂದ್ ಗಳಿಗೆ ಕೂತ್ಕಂಡು ನೀರ್ ಕುಡ್ದು ಹೋಗು.” ಬಸ್ಸು ತಪ್ಪುತ್ತೆ ಅಂತ ರೇಗಾಡುತ್ತಲೇ ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಹೊಸದಾಗಿ ಹೊರಡುತ್ತಿದ್ದೆ. ನನಗೆ ಇದರಲ್ಲಿ ನಂಬಿಕೆ ಗಿಂಬಿಕೆ ಏನೂ ಇರಲಿಲ್ಲ. ಆದರೂ ಹಾಗೆ ಮಾಡದೆ ಹೋದ ದಿನ ಪಾಠದ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ.

ಅಮ್ಮ ತೀರಿಕೊಂಡ ವರ್ಷವೇ ನನಗೆ ನಿವೃತ್ತಿಯೂ ಆಯಿತು. ಮದುವೆಯಾದವಳಲ್ಲ, ಮನೆ ಬಿಕೋ ಎನ್ನುತ್ತಿತ್ತು. ನಿವೃತ್ತ ಮೇಷ್ಟ್ರುಗಳನ್ನು ಒಂದೆರಡು ತಿಂಗಳ ಮಟ್ಟಿಗೆ ಹೊರದೇಶದ ಶಾಲೆಗಳಿಗೆ ಕಳಿಸುವವರಿದ್ದಾರೆ, ಸಂಬಳವಿಲ್ಲ, ಊಟ ವಸತಿ ಅವರದು ಎಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಈ ವಯಸ್ಸಿನಲ್ಲಿ ಆಫ್ರಿಕಾಕ್ಕೆ ಹೋಗಿ ಮಾಡುವುದೇನಿದೆ ಎಂದು ನೆಂಟರೆಲ್ಲ ಕೇಳಿದರು. ಇಲ್ಲಿ ಕೂತು ಮಾಡುವುದೇನಿದೆ ಎಂದು ನಾನು ಕೇಳಿದೆ.

ತಾಂಜಾನಿಯಾದ ಆ ಹಳ್ಳಿಯ ಮಣ್ಣು ನಮ್ಮ ಕಣಕಟ್ಟೆ ಕಡೆಯ ಹೊಲದಂತೆ ಕೆಂಪಗಿತ್ತು. ಮಧ್ಯಾಹ್ನಕ್ಕೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನಾನು ಅದನ್ನು ರಾಗಿಮುದ್ದೆಯ ಹಾಗೆ ಅಗಿಯದೆ ನುಂಗುವುದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕವು. ಆಮೇಲೆ ದಿನಾ ಊಟದ ಹೊತ್ತಿಗೆ ನನ್ನ ಗಂಟಲು ನೋಡಲು ಸುತ್ತ ಕೂರತೊಡಗಿದವು.

ಮುಂದಿನ ಬೆಂಚಿನಲ್ಲಿ ಎಂಟೊಂಬತ್ತು ವರ್ಷದ ಒಬ್ಬಳು ಹುಡುಗಿ ಮಾತ್ರ ನಗಲಿಲ್ಲ. ಮೊದಲ ದಿನವೇ ನನ್ನೆದುರು ನಿಂತು, ಹರಕು ಮುರುಕು ಇಂಗ್ಲಿಷಿನಲ್ಲಿ, ನೀನು ಯಾವಾಗ ಹೋಗುತ್ತೀಯ ಎಂದು ಕೇಳಿದಳು. ಎಲಾ ಇವಳ, ಬಂದ ಗಳಿಗೆಯಲ್ಲೇ ಓಡಿಸುತ್ತಾಳಲ್ಲ ಅನ್ನಿಸಿತು. ಅಲ್ಲಿನ ಟೀಚರಮ್ಮ ಆಮೇಲೆ ವಿಷಯ ತಿಳಿಸಿದರು. ನನಗಿಂತ ಮುಂಚೆ ಬಂದಿದ್ದ ಯಾರೋ, ಮಕ್ಕಳು ಅಳುತ್ತವೆಂದು ಹೆದರಿ, ಹೇಳದೆ ಕೇಳದೆ ಬೆಳಗಾಗುವ ಮೊದಲೇ ಹೊರಟುಹೋಗಿದ್ದರಂತೆ. ಅಂದಿನಿಂದ ಈ ಹುಡುಗಿ ಬಂದವರನ್ನೆಲ್ಲ ಹೀಗೇ ಕೇಳುತ್ತಾಳಂತೆ. ನಾನು ಮಾರನೆಯ ದಿನ ಅವಳನ್ನು ಕರೆದು, ಹೋಗುವಾಗ ನಿನಗೆ ಹೇಳಿಯೇ ಹೋಗುತ್ತೇನೆ ಎಂದು ಮಾತು ಕೊಟ್ಟೆ. ನಂಬಲು ಅವಳಿಗೆ ಬಹಳ ದಿನ ಹಿಡಿಯಿತು. ನಂಬಿದ ಮೇಲೆ ನನ್ನ ಕೊಡೆ ಹಿಡಿಯುವುದು, ಬೋರ್ಡು ಒರೆಸುವುದು ಎಲ್ಲ ಅವಳದೇ ಕೆಲಸವಾಯಿತು. ಇನ್ಯಾರಾದರೂ ಕೊಡೆ ಮುಟ್ಟಿದರೆ ಜಗಳ.

ಹೊರಡುವ ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ಹಾಡಾಯಿತು, ಕಾಗದದ ಹೂವಿನ ಹಾರವಾಯಿತು, ನಾನು ಮಾಡಿದ ಕೊಬ್ಬರಿ ಮಿಠಾಯಿ ಖರ್ಚಾಯಿತು. ಹುಡುಗಿಯ ಕೈ ಹಿಡಿದು, ನೋಡು, ಹೇಳಿಯೇ ಹೋಗುತ್ತಿದ್ದೇನೆ ಎಂದೆ. ತಲೆಯಾಡಿಸಿದಳು. ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ಆಗ ಹಿಂದಿನಿಂದ ಅವಳ ಧ್ವನಿ. “ಮ್ವಾಲಿಮು!” ಅವರ ಭಾಷೆಯಲ್ಲಿ ಟೀಚರನ್ನು ಕರೆಯುವುದು ಹಾಗೆ.

ನನ್ನ ಕಾಲು ತಾನಾಗಿ ಕೆಳಗಿಳಿಯಿತು. ಇಷ್ಟು ವರ್ಷದ ಅಭ್ಯಾಸ, ಯೋಚನೆ ಮಾಡಲಿಲ್ಲ. ಸೀದಾ ತರಗತಿಯೊಳಗೆ ಹೋಗಿ ಕುರ್ಚಿಯಲ್ಲಿ ಕೂತು ನೀರು ಕೇಳಿದೆ. ಮಕ್ಕಳು ಹೋ ಎಂದು ನುಗ್ಗಿ ಬಂದವು. ಯಾರೋ ಜೀಪಿನಿಂದ ನನ್ನ ಬ್ಯಾಗು ಇಳಿಸಿ ತಂದಿಟ್ಟರು. ಹುಡುಗಿ ಬೋರ್ಡನ್ನು ಲಗುಬಗೆಯಿಂದ ಒರೆಸಿ, ಒಂದು ಸೀಮೆಸುಣ್ಣ ತಂದು ನನ್ನ ಕೈಯಲ್ಲಿಟ್ಟಳು. ಅವಳು ಅಷ್ಟು ಅಗಲ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಉಳಿದುಕೊಂಡೆ ಎಂದು ತಿಳಿದಿದ್ದಾರೆ ಎನ್ನುವುದು ಆಗ ಹೊಳೆಯಿತು.

ಟೀಚರಮ್ಮನ ಕೈಲಿ ಹೇಳಿಸಿದೆ. ನಮ್ಮೂರಲ್ಲಿ ಹೊರಟವರನ್ನು ಹಿಂದಿನಿಂದ ಕರೆದರೆ, ವಾಪಸು ಬಂದು ಕೂತು, ನೀರು ಕುಡಿದು ಹೋಗಬೇಕು; ಅಷ್ಟೇ, ಬೇರೇನಿಲ್ಲ. ಮಕ್ಕಳ ಮುಖ ಬಾಡಿತು. ಹುಡುಗಿ ಮಾತ್ರ ಕಣ್ಣು ಮಿಟುಕಿಸದೆ ಪೂರ್ತಿ ಕೇಳಿಸಿಕೊಂಡಳು. ಅವಳು ಏನೋ ಲೆಕ್ಕ ಹಾಕುತ್ತಿದ್ದಳು ಎಂದು ನನಗೆ ಆಗ ತಿಳಿಯಲಿಲ್ಲ.

ಮತ್ತೆ ಜೀಪಿನ ಹತ್ತಿರ ಬಂದೆ. ಮತ್ತೆ ಕರೆದಳು.

ಕಿಲಾಡಿ ಮುಂಡೇದು ಎಂದು ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಹೋಗಿ ಶಾಲೆಯ ಮೆಟ್ಟಿಲ ಮೇಲೆ ಕೂತೆ. ಅವಳೇ ನೀರು ತಂದು ಕೊಟ್ಟು, ನನ್ನ ಪಕ್ಕ ಒತ್ತಿಕೊಂಡು ಕೂತಳು. ಲೋಟದಲ್ಲಿ ನೀರು ಎಷ್ಟು ಉಳಿದಿದೆ ಎಂದು ಇಣುಕಿ ಇಣುಕಿ ನೋಡುತ್ತಿದ್ದಳು. ನಾನೂ ನಿಧಾನವಾಗಿಯೇ ಕುಡಿದೆ. ಡ್ರೈವರು ವಿಮಾನ ತಪ್ಪುತ್ತದೆಂದು ಗಡಿಯಾರ ತೋರಿಸಿದ.

ಇನ್ನೊಂದು ಸಲ ಕರೆದಾಗ ಜೀಪು ಹೊರಟಿತ್ತು. ಈ ಸಲ ಅವಳು ಅಳುತ್ತಾ, ಓಡುತ್ತಾ ಕರೆಯುತ್ತಿದ್ದಳು. ಡ್ರೈವರು ನಿಲ್ಲಿಸಲೇ ಎನ್ನುವಂತೆ ಕನ್ನಡಿಯಲ್ಲಿ ನನ್ನನ್ನು ನೋಡಿದ. ಬೇಡ, ಹೋಗಿ ಎಂದೆ. ತಿರುಗಿ ನೋಡಿದರೆ ಇಳಿದುಬಿಡುತ್ತೇನೆ ಎಂದು ಗೊತ್ತಿದ್ದರಿಂದ ತಿರುಗಲಿಲ್ಲ. ಧ್ವನಿ ದೂರವಾಗುವವರೆಗೂ ಮಡಿಲಲ್ಲಿದ್ದ ಹಾರವನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ, ಕಾಗದವೆಲ್ಲ ಹರಿದುಹೋಯಿತು.

ಊರಿಗೆ ಬಂದು ತಿಂಗಳುಗಳಾದವು. ಬೆಳಿಗ್ಗೆ ಹಾಲಿಗೆಂದು ಬೀಗ ಹಾಕಿ ಗೇಟಿನ ಆಚೆ ಬಂದಾಗ ಒಂದು ಗಳಿಗೆ ನಿಲ್ಲುತ್ತೇನೆ. ಎದುರು ಮನೆಯಾಕೆ, ಏನಾದರೂ ಮರೆತಿರಾ ಮೇಡಂ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಕರೆಯುವವರೇ ಇಲ್ಲದ ಮನೆಯಿಂದ ಹೊರಡುವುದು ಎಷ್ಟು ಸುಲಭವೋ ಅಷ್ಟೇ ಸಂಕಟ.

ಮೊನ್ನೆ ಹುಲಿಕೆರೆಯಲ್ಲಿ ಹಳೆಯ ಸಹೋದ್ಯೋಗಿಯ ಮನೆಗೆ ಊಟಕ್ಕೆ ಹೋಗಿದ್ದೆ. ವಾಪಸು ಬರುವಾಗ ಕಲ್ಯಾಣಿ ನೋಡಿಕೊಂಡು ಹೋಗೋಣವೆಂದು ಆಟೋ ನಿಲ್ಲಿಸಿದೆ. ಯಾವುದೋ ಶಾಲೆಯವರು ಬೇಲೂರು, ಹಳೇಬೀಡು ಮುಗಿಸಿಕೊಂಡು ಪ್ರವಾಸದ ಬಸ್ಸಿನಲ್ಲಿ ಬಂದಿದ್ದರು. ಮೆಟ್ಟಿಲು ಹತ್ತಿ ಹೊರಟವಳ ಬೆನ್ನಿಗೆ ಒಂದು ಹುಡುಗಿಯ ಧ್ವನಿ ಕೇಳಿಸಿತು. “ಟೀಚರ್!”

ತಿರುಗಿದೆ. ಅವಳು ಕರೆದದ್ದು ಕೆಳಗೆ ಫೋಟೋ ತೆಗೆಯುತ್ತಿದ್ದ ತನ್ನ ಟೀಚರನ್ನು. ನಾನು ನಾಲ್ಕು ಮೆಟ್ಟಿಲು ಇಳಿದು ಕಲ್ಲಿನ ಮೇಲೆ ಕೂತೆ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದೆ.

ಆಟೋದವನು ಮೇಲಿನಿಂದ ಬಗ್ಗಿ ನೋಡಿದ. “ಯಾಕ್ರಮ್ಮ ಕೂತ್ಕಂಬಿಟ್ರಿ? ಅರಸೀಕೆರೆ ಬಸ್ ಹೊಂಟೋಯ್ತದೆ.”

“ಕರೆದರು ಕಣಪ್ಪ.”

ಅವನು ಆ ಮಕ್ಕಳ ಕಡೆ ನೋಡಿ, ಮತ್ತೆ ನನ್ನನ್ನು ನೋಡಿದ. “ನಿಮ್ಮುನ್ನಲ್ಲ ಕಣಮ್ಮ ಆ ಮಗು ಕರ್ದಿದ್ದು.”

ಗೊತ್ತಪ್ಪ ಎಂದು, ಬಾಟಲಿಯಲ್ಲಿದ್ದ ನೀರನ್ನು ನಿಧಾನವಾಗಿ ಕುಡಿದೆ.