ರಬ್ಬರ್ ಬ್ಯಾಂಡ್ ಹಾಕಿದ ಪ್ರೋಬು

ಕಳೆದ ವಾರ ನಮ್ಮ ಮನೆ ಮುಂದಿನ ಗಟಾರಕ್ಕೆ ನೂರಕ್ಕೆ ನೂರು ಬಂತು.

ನಗಬೇಡಿ. ಮಾರ್ಕ್ಸ್ ಕೊಟ್ಟಿದ್ದು ನಾನಲ್ಲ, ಮಶೀನು.

ಹೆಬ್ಬಳ್ಳಿಯ ಬಸಪ್ಪ ನನ್ನ ಹಳೆಯ ವಿದ್ಯಾರ್ಥಿ. ಹೊಲದ ಹೊಂಡದಲ್ಲಿ ಮೀನು ಸಾಕಿದ್ದಾನೆ. ಒಂದು ದಿನ ಫೋನ್ ಮಾಡಿದ. “ಸರ, ನಸುಕಿನ್ಯಾಗ ಮೀನು ಮ್ಯಾಲ ಬಂದು ಬಾಯಿ ತಗದು ನಿಂತಿರ್ತಾವ್ರಿ. ನೀರಾಗ ಏನರ ಕಮ್ಮಿ ಆಗೇತೇನ್ರಿ?”

ಪಕ್ಕದ ಮನೆಯ ಸುಧಾ ಮೇಡಂ ಕೆಮಿಸ್ಟ್ರಿ ಪ್ರೊಫೆಸರ್. ನೀರಿನಲ್ಲಿರುವ ಆಕ್ಸಿಜನ್ ಅಳೆಯುವ ಪ್ರೋಬು ಅವರ ಹತ್ತಿರ ಇತ್ತು. ತುದಿಯಲ್ಲಿ ಪುಟ್ಟ ಬೆಳಕು ಮಿನುಗುತ್ತದೆ, ಅದರಿಂದಲೇ ಅಳತೆ; ನೀರಿಗೆ ಹಿಡಿಸುವಷ್ಟೂ ಆಕ್ಸಿಜನ್ ಇದ್ದರೆ ನೂರು. ಕೊಡುವಾಗ ಮೇಡಂ ಮೂರು ಸಲ ಹೇಳಿದರು. “ತುದಿ ಒಣಗಬಾರ್ದ್ರಿ. ಇಡೋವಾಗ ಈ ಹಸಿ ಸ್ಪಂಜಿನ ಟೊಪಿಗಿ ಹಾಕಿ ಇಡ್ರಿ. ಬಿಸಲಾಗ ಇಡಬ್ಯಾಡ್ರಿ. ಸ್ಪಿರಿಟ್ ಹಚ್ಚಿ ಒರಸಬ್ಯಾಡ್ರಿ.”

ಬೇರೆಯವರ ಸಾಮಾನು, ಅದೂ ದುಬಾರಿ. ನನಗೆ ನಿದ್ದೆ ಹತ್ತಲಿಲ್ಲ. ಕೆಸರು ತಾಗಿ ಹಾಳಾದರೆ? ಸ್ಪಂಜಿನ ಟೊಪ್ಪಿಗೆ ತೆಗೆಯಲಿಲ್ಲ. ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. (ನಮ್ಮ ಮನೆಯ ಟಿವಿ ರಿಮೋಟು ಹತ್ತು ವರ್ಷ ಬಾಳಿದ್ದು ಹೀಗೆಯೇ.) ಮರುದಿನ ನಸುಕಿನಲ್ಲಿ ಹೊಂಡಕ್ಕೆ ಇಳಿಸಿದೆ. ನೂರು ಪರ್ಸೆಂಟ್!

“ಏನೂ ಆಗಿಲ್ಲೋ ಬಸಪ್ಪ. ಮೀನು ಆಕಳಿಸಾಕತ್ತಿರಬೇಕು” ಎಂದು ಹೇಳಿ ಚಹಾ ಕುಡಿದು ಬಂದೆ. ಅವನು “ಆತ್ರಿ ಸರ” ಅಂದ. ಮೇಷ್ಟ್ರ ಮಾತಿಗೆ ಎದುರು ಆಡುವುದು ಹೇಗೆ?

ಮೂರನೇ ದಿನ ಮತ್ತೆ ಫೋನು. ನಾಲ್ಕು ಮೀನು ಸತ್ತಿದ್ದವು.

ಪ್ರೋಬು ತೆಗೆದುಕೊಂಡು ಬಚ್ಚಲಿನ ಬಕೆಟ್ಟಿಗೆ ಅದ್ದಿದೆ, ನೂರು. ಗಟಾರಕ್ಕೆ ಅದ್ದಿದೆ, ಅದಕ್ಕೂ ನೂರು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಎಲ್ಲಾರಿಗೂ ನೂರ ಕೊಡೋ ಮಾಸ್ತರು ಪೇಪರ್ ಓದ್ಯಾರೇನ್ರಿ?”

ಮೇಡಂ ಬಂದರು. ಪ್ರೋಬು ನೋಡಿ ಗೋಡೆ ಹಿಡಿದುಕೊಂಡು ನಕ್ಕರು. “ಟೊಪಿಗಿ ಇಡೋವಾಗ ಹಾಕೋದ್ರಿ, ಅಳೆಯೋವಾಗಲ್ಲ. ಒಳಗಿನ ಹಸಿ ಗಾಳಿನ ಅಳದು ಅಳದು ನೂರ ಅನ್ನಾಕತ್ತೈತಿ. ಮ್ಯಾಲ ರೇನ್‌ಕೋಟ್ ಬ್ಯಾರೆ ಹಾಕೀರಿ.”

ನಾಚಿಕೆಯಾಯಿತು. ಆದರೆ ನಾನೊಬ್ಬನೇ ಏನು? ಸೋಫಾಕ್ಕೆ ಹೊದಿಕೆ, ಹೊದಿಕೆ ಮಾಸದಿರಲೆಂದು ಮೇಲೊಂದು ಟವೆಲ್ಲು. ಒಳ್ಳೆಯ ಕಪ್ಪು-ಸಾಸರುಗಳು ಶೋಕೇಸಿನಲ್ಲಿ, ನಾವು ಕುಡಿಯುವುದು ಕಿವಿ ಮುರಿದ ಕಪ್ಪಿನಲ್ಲಿ. ಸಾಮಾನು ನೂರು ವರ್ಷ ಬಾಳಬೇಕು, ಕೆಲಸ ಮಾಡದಿದ್ದರೂ ನಡೆಯುತ್ತದೆ. ಹೌದಲ್ಲವೇ?

ಮರುದಿನ ನಸುಕಿಗೇ ಹೆಬ್ಬಳ್ಳಿಗೆ ಓಡಿದೆ. ಟೊಪ್ಪಿಗೆ ತೆಗೆದು ಅದ್ದಿದರೆ ಇಪ್ಪತ್ತೂ ಇಲ್ಲ. ಬಸಪ್ಪ ತಕ್ಷಣ ಪಂಪು ಹಚ್ಚಿ, ಹೊಂಡದ ನೀರನ್ನೇ ಎತ್ತಿ, ಗಾಳಿ ಬೆರೆಯಲೆಂದು ಮೇಲಿನಿಂದ ಸುರಿಯಲು ಬಿಟ್ಟ. ಬಿಸಿಲೇರುವ ಹೊತ್ತಿಗೆ ಮೀನುಗಳು ಕೆಳಗಿಳಿದವು. ನನಗೂ ಉಸಿರು ಬಂತು.

ತುದಿ ತೊಳೆದು ಹಸಿ ಸ್ಪಂಜಿನ ಟೊಪ್ಪಿಗೆ ಹಾಕುತ್ತ, “ತಪ್ಪಾತೋ ಬಸಪ್ಪ, ಮಶೀನ್ ಹೇಳಿದ್ದು ಖರೇ ಅಂತ ನಂಬಿದೆ” ಎಂದೆ.

ಅವನು ಹೊಂಡದಿಂದ ಕಣ್ಣು ತೆಗೆಯದೇ ಹೇಳಿದ: “ಮೀನು ಬಾಯಿ ತಗದು ಹೇಳಾಕತ್ತಿದ್ವಲ್ರಿ ಸರ. ನೀವು ಮಶೀನಿನ ಬಾಯಿ ಕಟ್ಟಿ ಕೇಳಿದ್ರಿ.”