ಅಕ್ಕನ ಪಾಲಿನ ಸಾಲು

ಗೋಗಿ ಊರಿನ ನಮ್ಮ ಓಣಿಯ ಭಜನೆಯಲ್ಲಿ ಒಬ್ಬರೇ ಹಾಡುವ ಮಾತೇ ಇಲ್ಲ. ಒಬ್ಬರು ಸಾಲು ಎತ್ತಿದರೆ, ಅದು ಮುಗಿಯುವ ಮೊದಲೇ ಇನ್ನೊಬ್ಬರು ಹಿಡಿಯಬೇಕು. ಎತ್ತುವವಳು ನಾನು, ಹಿಡಿಯುವವಳು ಅಕ್ಕ. ಮೇಲಿನ ಸ್ವರಕ್ಕೆ ಹೋದಾಗ ಅವಳ ದನಿ ಚೂರು ಒಡೆಯುತ್ತಿತ್ತು. ನಾನು ಅದನ್ನೇ ಅಣಕಿಸಿ ಕಾಡುತ್ತಿದ್ದೆ. "ಬಾಳ ಶಾಣ್ಯಾಕಿ ಬಂದಾಳ ನೋಡು," ಎಂದು ಬೆನ್ನಿಗೆ ಗುದ್ದುತ್ತಿದ್ದಳು.

ಮುದನಾಳಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು. ಅವಳ ಫೋಟೊಗಳಿವೆ, ಸೀರೆಗಳಿವೆ, ದನಿ ಮಾತ್ರ ಎಲ್ಲೂ ಇಲ್ಲ. ಮನೆಯ ಆಡಿನಮರಿಗಳನ್ನೆಲ್ಲ ಫೋನಿನಲ್ಲಿ ವಿಡಿಯೊ ಮಾಡಿಕೊಂಡವರಿಗೆ ಅವಳ ಹಾಡು ಹಿಡಿದಿಡಬೇಕೆಂದು ಹೊಳೆಯಲೇ ಇಲ್ಲ. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಅವ್ವ ಭಜನೆಗೆ ಹೋಗುವುದನ್ನೇ ಬಿಟ್ಟಳು.

ಯಾದಗಿರಿಯ ಶಾಲೆಯೊಂದರಲ್ಲಿ ಹಾಡು ಕಲಿಸುವ ನಾನು ಬೇರೆ ಜೋಡಿಯನ್ನು ಹುಡುಕಲಿಲ್ಲ. ಕಾಲಿನಿಂದ ಒತ್ತುವ ಒಂದು ಲೂಪ್ ಪೆಟ್ಟಿಗೆ ತಂದೆ. ಒಮ್ಮೆ ಹಾಡಿದ್ದನ್ನು ಅದು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುತ್ತದೆ. ಮೊದಲು ತಾಳ, ಆಮೇಲೆ ಏಕತಾರಿ, ಆಮೇಲೆ ನನ್ನ ಸಾಲು. ಕೊನೆಗೆ ಅಕ್ಕನ ಪಾಲಿನ ಸಾಲು. ಅದನ್ನೂ ನಾನೇ, ಅವಳಂತೆ ದನಿ ಒಡೆದು ಹಾಡುತ್ತಿದ್ದೆ. ಎಲ್ಲವೂ ಸೇರಿ ತಿರುಗುವಾಗ ವೇದಿಕೆಯ ಮೇಲೆ ಒಬ್ಬಳೇ ನಿಂತು ಅವಳ ಕತೆ ಹೇಳುತ್ತಿದ್ದೆ. ಸುರಪುರದಲ್ಲಿ ಆಟ ಮುಗಿದ ಮೇಲೆ ಒಬ್ಬರು, "ಟೀಚರ್, ನಿಮ್ಮ ಮಷೀನ್ ಬಾಳ ಚಲೋ ಅದ ನೋಡ್ರಿ," ಎಂದರು. ಮೈಯೆಲ್ಲ ಉರಿದುಹೋಯಿತು.

ಶಹಾಪುರದ ಪ್ರದರ್ಶನಕ್ಕೆ ಅವ್ವನನ್ನು ಕರೆದೆ. ಗೋಗಿಯ ಆಟೊ ಸೀಟು ತುಂಬುವ ತನಕ ಹೊರಡುವುದಿಲ್ಲ. ಅವ್ವ ಬಂದು ಬಾಗಿಲಲ್ಲಿ ನಿಂತಾಗ ಸಾಲುಗಳೆಲ್ಲ ಆಗಲೇ ತಿರುಗುತ್ತಿದ್ದವು. ನಾನು ಹಾಡಿ ತುಂಬಿದ್ದನ್ನು ಅವಳು ನೋಡಲಿಲ್ಲ.

ಜನ ಎದ್ದು ಹೋಗುತ್ತಿದ್ದಂತೆ ನೇರ ವೇದಿಕೆಗೆ ಬಂದಳು. ಮುಖ ಅರಳಿತ್ತು, ಸಿಟ್ಟೂ ಇತ್ತು.

"ಅಕ್ಕನ ದನಿ ತುಂಬಿಟ್ಕೊಂಡೀದಿ, ನನಗ ಒಂದ್ ಮಾತ್ ಹೇಳಬಾರದಾಗಿತ್ತೇನು? ಮ್ಯಾಲ ಹೋದಾಗ ಒಡೀತದಲ್ಲ, ಅದು ಅಕೀದು. ಅಕೀದೊಂದೇ ಹಚ್ಚು. ನಿಂದು ಬ್ಯಾಡ, ತಾಳಾನೂ ಬ್ಯಾಡ."

ಅದು ಅಕ್ಕನದಲ್ಲ ಎಂದು ಹೇಳಬೇಕಿತ್ತು. ಸುಳ್ಳು ಹೇಳಿದರೆ ಅವ್ವ ಇವತ್ತೊಂದು ದಿನ ನೆಮ್ಮದಿಯಿಂದ ಊಟ ಮಾಡಿಯಾಳು ಎಂಬ ಆಸೆಯೂ ಇತ್ತು. ಉಳಿದದ್ದನ್ನೆಲ್ಲ ನಿಲ್ಲಿಸಿ ಆ ಸಾಲೊಂದನ್ನೇ ಬಿಟ್ಟೆ. ಅವ್ವ ವೇದಿಕೆಯ ಮೇಲೆಯೇ ಕೂತು, ಸೆರಗು ಕಿವಿಯಿಂದ ಸರಿಸಿ ಕೇಳಿದಳು. ನಾನೂ ಪಕ್ಕದಲ್ಲೇ ಕೂತೆ.

ಎಲ್ಲದರ ನಡುವೆ ಅಕ್ಕನದರಂತೆ ಕೇಳಿಸುತ್ತಿದ್ದ ದನಿ, ಒಂಟಿಯಾದಾಗ ಬರೀ ನನ್ನದಾಗಿತ್ತು. ಹೆತ್ತವಳಿಗೆ ಗೊತ್ತಾಗದೇ ಇರುತ್ತದೆಯೇ?

"ಇದು ನಿಂದು," ಎಂದಳು. "ಅಕೀದು ಹಚ್ಚು."

"ಯವ್ವಾ, ಅಕೀದಂತ ಯಾವುದೂ ಇಲ್ಲ. ಎಲ್ಲಾ ನಂದ."

ಅವ್ವ ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಹಂಗಾದ್ರ ಅಕಿ ಖರೇನ ಹೋಗ್ಯಾಳ," ಎಂದವಳೇ ನನ್ನ ತೊಡೆಯ ಮೇಲೆ ತಲೆಯಿಟ್ಟು, ಅಕ್ಕನ ಹೆಸರು ಹಿಡಿದು ಅಳತೊಡಗಿದಳು.